ಅಪ್ಪಯ್ಯನ ಮಾತ್ರೆ: ಶುರು ಮಾಡಿದವರಿದ್ದರು, ನಿಲ್ಲಿಸುವವರಿರಲಿಲ್ಲ

ಕಳೆದ ತಿಂಗಳ ಮೂರನೆಯ ವಾರದಲ್ಲಿ ಅಪ್ಪಯ್ಯ, ನಿದ್ದೆಗೆಂದು ಕೊಟ್ಟಿದ್ದ ಕ್ವೆಟಿಯಾಪಿನ್ ಎಂಬ ಮನೋರೋಗದ ಮಾತ್ರೆಯ ಕೊನೆಯ ಅರ್ಧ ಚೂರನ್ನು ನುಂಗಿದರು. ದೀಪಾವಳಿ ಕಳೆದ ವಾರದಲ್ಲಿ ಆರಂಭವಾಗಿದ್ದ ಮಾತ್ರೆಗಳಿಂದ ಅವರನ್ನು ಹೊರಗೆ ತರುವಷ್ಟರಲ್ಲಿ ಏಪ್ರಿಲ್ ಮುಗಿಯುತ್ತ ಬಂದಿತ್ತು. ಈ ನಡುವೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ನಾಲ್ಕೈದು ಮನೆಯವರು ನನಗೆ ಫೋನು ಮಾಡಿ, ತಮ್ಮ ಮನೆಯ ಹಿರಿಯರಿಗೂ ಇಂಥವೇ ಮಾತ್ರೆಗಳು ನಡೆಯುತ್ತಿವೆಯೆಂದೂ ಏನು ಕೇಳಬೇಕು, ಯಾರನ್ನು ಕೇಳಬೇಕು ಎಂಬುದು ತಿಳಿಯದೆ ಕುಳಿತಿದ್ದೇವೆಂದೂ ಹೇಳಿದ್ದರಿಂದ ನಡೆದುದನ್ನು ನಡೆದ ಕ್ರಮದಲ್ಲಿಯೇ ಬರೆದಿಡುತ್ತಿದ್ದೇನೆ. ನಾನು ಪ್ರೌಢಶಾಲೆಯ ಶಿಕ್ಷಕಿ, ವೈದ್ಯೆಯಲ್ಲ. ಇದನ್ನು ಓದಿ ಯಾರೂ ನಾಳೆಯಿಂದಲೇ ಮಾತ್ರೆ ನಿಲ್ಲಿಸಬಾರದು. ನಮ್ಮ ಮನೆಯಲ್ಲಿ ಹಾಗೊಮ್ಮೆ ನಿಲ್ಲಿಸಿ ಪಟ್ಟ ಪಾಡನ್ನೂ ಮುಂದೆ ಹೇಳಿದ್ದೇನೆ.

ಅಪ್ಪಯ್ಯನಿಗೆ ಎಪ್ಪತ್ತೆಂಟು ವರ್ಷ. ಮರೆವಿನ ಕಾಯಿಲೆ, ಅಂದರೆ ಡಿಮೆನ್ಶಿಯಾ, ಇದೆಯೆಂದು ಮೂರು ವರ್ಷಗಳ ಹಿಂದೆಯೇ ತಿಳಿದಿತ್ತು. ಅದಕ್ಕೆ ಡೊನೆಪೆಜಿಲ್ ಎಂಬ ಮಾತ್ರೆಯೊಂದು ನಡೆಯುತ್ತಿತ್ತು. ಹೆಸರು ಮರೆಯುವುದು, ಹೇಳಿದ್ದನ್ನೇ ಹೇಳುವುದು ಇವೆಲ್ಲ ನಮಗೆ ರೂಢಿಯಾಗಿದ್ದವು. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ರಾತ್ರಿಗಳು ಕೆಟ್ಟವು. ಎರಡು ಗಂಟೆಗೆ ಎದ್ದು ಪಂಚೆ ಸುತ್ತಿಕೊಂಡು "ಕೊನೆಗೌಡ ಬಂದ್ನನೇ ಕೂಸೆ?" ಎಂದು, ಅಂದರೆ ಅಡಿಕೆ ಕೊನೆ ಕೊಯ್ಯುವವನು ಬಂದನೇ ಮಗಳೇ ಎಂದು, ಕೇಳುತ್ತ ಬಾಗಿಲ ಚಿಲಕ ತೆಗೆಯುತ್ತಿದ್ದರು. ತಡೆದರೆ ಸಿಟ್ಟು. ಒಂದು ರಾತ್ರಿ ಆಯಿಯ, ಅಂದರೆ ನಮ್ಮ ಅಮ್ಮನ, ಕೈ ತಿರುಚಿದರು, ಇನ್ನೊಂದು ರಾತ್ರಿ ತೋಟದ ಸಂಕದ ಬಳಿ ಒದ್ದೆಯಾಗಿ ನಿಂತಿದ್ದರು. ಅಣ್ಣ ಬೆಂಗಳೂರಿನಲ್ಲಿದ್ದಾನೆ. ನಾನು ಶಿರಸಿ ಪೇಟೆಯಿಂದ ವಾರಕ್ಕೆ ಮೂರು ದಿನ ಊರಿಗೆ ಹೋಗಿ ಮಲಗತೊಡಗಿದೆ. ಆಯಿ ನಿದ್ದೆಯಿಲ್ಲದೆ ಹಗಲಿನಲ್ಲಿ ಒಲೆಯ ಮುಂದೆಯೇ ತೂಕಡಿಸುವುದನ್ನು ನೋಡಿದ ದಿನ, ಇನ್ನು ಆಗುವುದಿಲ್ಲವೆಂದು ಅನಿಸಿತು.

ಬಯಲುಸೀಮೆಯ ಕಡೆಯ ಒಂದು ಖಾಸಗಿ ಮಾನಸಿಕ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅದರ ಹೆಸರು ಇಲ್ಲಿ ಬೇಡ. ಬೆಳಗಿನ ಆರು ಗಂಟೆಗೆ ಬಾಡಿಗೆ ಕಾರಿನಲ್ಲಿ ಹೊರಟವರು ಹತ್ತಕ್ಕೆ ಮುಂಚೆ ತಲುಪಿ ಚೀಟಿ ಮಾಡಿಸಿದೆವು; ಒಳಗೆ ಕರೆದಾಗ ಮಧ್ಯಾಹ್ನ ಎರಡೂವರೆ. ಅಪರಿಚಿತ ಜಾಗದಲ್ಲಿ ನಾಲ್ಕೂವರೆ ತಾಸು ಕಾದದ್ದರಿಂದ ಅಪ್ಪಯ್ಯ ಅಷ್ಟರಲ್ಲಿ ಕೂಗಾಡುವ ಸ್ಥಿತಿಯಲ್ಲಿದ್ದರು, ವೈದ್ಯರು ಕಂಡದ್ದು ಆ ಸ್ಥಿತಿಯ ಅಪ್ಪಯ್ಯನನ್ನು. ಮರೆವಿನ ಕಾಯಿಲೆಯವರನ್ನು ಕರೆದೊಯ್ಯುವವರು ಮುಂಚಿತವಾಗಿ ಫೋನು ಮಾಡಿ, ಕಾಯಿಸದಂತೆ ಬೇಡಿಕೊಳ್ಳುವುದು ಒಳ್ಳೆಯದು. ಮನೆಯಲ್ಲಿ ಅವರು ಶಾಂತವಾಗಿರುವಾಗಿನ ಎರಡು ನಿಮಿಷದ ವಿಡಿಯೊವನ್ನೂ ಮೊಬೈಲಿನಲ್ಲಿ ಇಟ್ಟುಕೊಂಡಿರಿ. ನಮಗೆ ಇದು ಹೊಳೆಯಲಿಲ್ಲ.

ದಾಖಲು ಮಾಡುವುದಕ್ಕೆ ಆಧಾರ್, ಹಳೆಯ ಚೀಟಿಗಳು, ಭಾವಚಿತ್ರ ಕೇಳಿದರು. ಆಮೇಲೆ ಇಂಗ್ಲಿಷಿನಲ್ಲಿದ್ದ ನಾಲ್ಕು ಹಾಳೆಗಳಿಗೆ ಸಹಿ ಹಾಕಿಸಿಕೊಂಡರು. ಅದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 89ನೆಯ ಕಲಮಿನ ಪ್ರಕಾರದ ದಾಖಲಾತಿಯೆಂದು, ಅಂದರೆ ರೋಗಿಯು ಸ್ವತಃ ತೀರ್ಮಾನಿಸುವ ಸ್ಥಿತಿಯಲ್ಲಿಲ್ಲದಿದ್ದಾಗ ಅವನ ಪ್ರತಿನಿಧಿಯ ಅರ್ಜಿಯ ಮೇಲೆ, ಇಬ್ಬರು ಪ್ರತ್ಯೇಕವಾಗಿ ಪರೀಕ್ಷಿಸಿದ ನಂತರ, ಹೆಚ್ಚೆಂದರೆ 30 ದಿನಗಳಿಗೆ ಮಾಡಿಕೊಳ್ಳುವ ದಾಖಲಾತಿಯೆಂದು ನನಗೆ ಗೊತ್ತಾದದ್ದು ಎರಡು ತಿಂಗಳ ಬಳಿಕ. ಆ ಹಾಳೆಯಲ್ಲಿ ನಾನು ಅಪ್ಪಯ್ಯನ 'ನಾಮನಿರ್ದೇಶಿತ ಪ್ರತಿನಿಧಿ'ಯಾಗಿ ಸಹಿ ಮಾಡಿದ್ದೆ. ಓದದೆ ಹಾಕಿದ ಆ ಸಹಿಯೇ ಮುಂದೆ ನನ್ನ ಕೈಗೆ ಬಂದ ಏಕೈಕ ಆಧಾರವಾಯಿತು. ಸಹಿ ಮಾಡಿದ ಪ್ರತಿಯೊಂದು ಹಾಳೆಯ ಫೋಟೊವನ್ನು ಅಲ್ಲಿಯೇ ನಿಂತು ತೆಗೆದುಕೊಳ್ಳಿ, ಯಾರೂ ಬೇಡವೆನ್ನುವುದಿಲ್ಲ.

ಹತ್ತೊಂಬತ್ತು ದಿನ ಅಲ್ಲಿದ್ದರು. ಕಳೆದುಹೋದೀತೆಂದು ಕನ್ನಡಕವನ್ನೂ ಶ್ರವಣಯಂತ್ರವನ್ನೂ ಮೊದಲ ದಿನವೇ ಕೌಂಟರಿನಲ್ಲಿ ತೆಗೆದಿರಿಸಿಕೊಂಡಿದ್ದರು. ಸರಿಯಾಗಿ ಕಾಣದ, ಕೇಳದ ಮನುಷ್ಯ ಹೊಸ ಜಾಗದಲ್ಲಿ ಹೆದರದೆ ಇನ್ನೇನು ಮಾಡಿಯಾನು ಎಂಬ ಪ್ರಶ್ನೆ ನನಗೂ ಆಗ ಬರಲಿಲ್ಲ. ಭೇಟಿಗೆ ಹೋದಾಗಲೆಲ್ಲ ಅವರು ಮಲಗಿರುತ್ತಿದ್ದರು. "ಈಗ ಆರಾಮಿದ್ದಾರೆ, ಗಲಾಟೆ ಇಲ್ಲ" ಎನ್ನುತ್ತಿದ್ದರು ಸಿಸ್ಟರ್. ನಿಜ ಹೇಳುವುದಾದರೆ ಆ ಮಾತು ಕೇಳಿ ನನಗೂ ಸಮಾಧಾನವೇ ಆಗುತ್ತಿತ್ತು. ನಾವೂ ಅಷ್ಟು ದಣಿದಿದ್ದೆವು. ಬಿಲ್ಲು 58,640 ರೂಪಾಯಿ ಆಯಿತು. ಬಿಡುಗಡೆಯ ಚೀಟಿಯಲ್ಲಿ ಮೂರು ಮಾತ್ರೆಗಳಿದ್ದವು: ಹಳೆಯ ಡೊನೆಪೆಜಿಲ್, ರಾತ್ರಿಗೆ ಕ್ವೆಟಿಯಾಪಿನ್ 50 ಮಿಲಿಗ್ರಾಂ, ಮತ್ತು ಹೆಸರಿನ ಕೊನೆಗೆ 'ಪ್ಲಸ್' ಎಂದಿದ್ದ ಒಂದು ಮಾತ್ರೆ. ಯಾವುದು ಯಾತಕ್ಕೆ ಎಂದು ಕೇಳಿದ್ದಕ್ಕೆ, "ಇದು ನಿದ್ದೆಗೆ, ಇದು ಸಿಟ್ಟಿಗೆ, ಇದು ನೆನಪಿಗೆ" ಎಂಬ ಉತ್ತರ ಬಂತು. ಎಷ್ಟು ದಿನ ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮನೆಗೆ ಬಂದ ಅಪ್ಪಯ್ಯ ರಾತ್ರಿ ಏಳಲಿಲ್ಲ. ಹಗಲಿನಲ್ಲಿಯೂ ಏಳಲಿಲ್ಲ. ಊಟಕ್ಕೆ ಕೂರಿಸಿದರೆ ತುತ್ತು ಬಾಯಲ್ಲಿಯೇ ಉಳಿಯುತ್ತಿತ್ತು, ಕಟವಾಯಿಯಿಂದ ಜೊಲ್ಲು ಇಳಿಯುತ್ತಿತ್ತು. ನಡೆಯುವಾಗ ಕೈ ಬೀಸುವುದು ನಿಂತು, ಹೆಜ್ಜೆ ಗಿಡ್ಡವಾಗಿ, ತಿರುಗುವುದಕ್ಕೆ ಐದಾರು ಹೆಜ್ಜೆ ಬೇಕಾಗುತ್ತಿತ್ತು. "ಕೂಸೆ, ಮನೆಗೆ ಮೈ ಒಂದೇ ಬಂಜು, ಇವು ಬಂದ್ವಿಲ್ಲೆ" ಎಂದು, ಅಂದರೆ ಮನೆಗೆ ಮೈಯೊಂದೇ ಬಂದಿದೆ, ಇವರು ಬರಲಿಲ್ಲ ಎಂದು, ಆಯಿ ಫೋನಿನಲ್ಲಿ ಹೇಳಿದಾಗ ಅದು ದುಃಖದ ಮಾತೆಂದುಕೊಂಡೆನೇ ಹೊರತು ಅದೊಂದು ರೋಗಲಕ್ಷಣದ ವರದಿಯೆಂದು ತಿಳಿಯಲಿಲ್ಲ.

ಆ ದಿನಗಳಲ್ಲಿಯೇ ಅವರ ಬಲಗೈಯ ಹೆಬ್ಬೆರಳು ತೋರುಬೆರಳಿನ ಮೇಲೆ ಉರುಳಾಡತೊಡಗಿತು. ಜಗಲಿಯ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕುಳಿತಿರುವಾಗ, ತೊಡೆಯ ಮೇಲೆ ಇಟ್ಟ ಕೈಯಲ್ಲಿ, ಏನನ್ನೋ ಹೊರಳಿಸಿ ನೋಡುತ್ತಿರುವ ಹಾಗೆ ಆ ಎರಡು ಬೆರಳುಗಳು ತಾಳ ತಪ್ಪದೆ ಆಡುತ್ತಿದ್ದವು. ಐವತ್ತು ವರ್ಷ ಅಡಿಕೆಯಲ್ಲಿ ಚಾಲಿ ಯಾವುದು, ಬಿಳಿಗೋಟು ಯಾವುದು, ಕೋಕಾ ಯಾವುದು ಎಂದು ಬೆರಳಿನಿಂದಲೇ ಆರಿಸಿ ಬೇರೆ ಬೇರೆ ರಾಶಿ ಮಾಡಿದ ಕೈ ಅದು. ನಿದ್ದೆಯಲ್ಲಿಯೂ ಅಡಿಕೆ ಆರಿಸುತ್ತಿದ್ದಾರೆ ಎಂದು ನಾವು ಮನೆಮಂದಿಯೆಲ್ಲ ಮೆಚ್ಚಿಕೊಂಡೆವು. ಅಣ್ಣನಿಗೆ ವಿಡಿಯೊ ಮಾಡಿ ಕಳಿಸಿದೆ, ಅವನು ಅದನ್ನು ನೆಂಟರಿಗೆಲ್ಲ ಕಳಿಸಿದ. ಅದು ಆ ಪ್ಲಸ್ ಮಾತ್ರೆಯೊಳಗಿದ್ದ ರಿಸ್ಪೆರಿಡೋನ್ ಎಂಬ ಔಷಧದಿಂದ ಬಂದ ಪಾರ್ಕಿನ್ಸನ್ ಬಗೆಯ ನಡುಕವೆಂದು ನಮಗೆ ಹೇಳುವವರು ಸಿಕ್ಕುವವರೆಗೆ ಏಳು ವಾರ ಕಳೆದಿತ್ತು.

ತಿಂಗಳಾದ ಮೇಲೆ ಅದೇ ಆಸ್ಪತ್ರೆಗೆ ಹೋದೆವು. ಮೂರು ಗಂಟೆ ಕಾದು, ಮೂರು ನಿಮಿಷ ಮಾತಾಡಿದೆವು. ಗೊಂದಲ ಜಾಸ್ತಿಯಾಗಿದೆ, ಕೆಲವೊಮ್ಮೆ ಗೋಡೆಯ ಕಡೆ ನೋಡಿ ಮಾತನಾಡುತ್ತಾರೆ ಎಂದೆ. ಪ್ಲಸ್ ಮಾತ್ರೆಯನ್ನು 2 ಮಿಲಿಗ್ರಾಂನಿಂದ 3ಕ್ಕೆ ಏರಿಸಿ ಬರೆದರು.

ಇದಾದ ಹತ್ತನೆಯ ದಿನ ಆಯಿ ಯಾರಿಗೂ ಹೇಳದೆ ಎಲ್ಲ ಮಾತ್ರೆಗಳನ್ನೂ ಸಾಸಿವೆ ಡಬ್ಬಿಯಲ್ಲಿ ಬಚ್ಚಿಟ್ಟುಬಿಟ್ಟಳು. ಎರಡು ದಿನ ಏನೂ ಆಗಲಿಲ್ಲ. ಮೂರನೆಯ ರಾತ್ರಿ ಅಪ್ಪಯ್ಯ ಕಣ್ಣು ಮುಚ್ಚಲಿಲ್ಲ, ವಾಂತಿ ಮಾಡಿದರು, ಬೆವರಿದರು, ಹಿಂದೆಂದೂ ಕಾಣದಷ್ಟು ಕೂಗಾಡಿದರು. ಹೆದರಿ ಮತ್ತೆ ಮಾತ್ರೆ ಕೊಟ್ಟೆವು. ಕೊಟ್ಟ ಮೇಲೆ ಸುಮ್ಮನಾದರು. ಆಗ ನಮಗೆಲ್ಲ ಅನಿಸಿದ್ದು, ಮಾತ್ರೆಯಿಲ್ಲದೆ ಇವರು ಇರಲಾರರು ಎಂದು. ಆಯಿಯ ಮೇಲೆ ರೇಗಿದೆ ಕೂಡ. ಒಮ್ಮೆಲೇ ನಿಲ್ಲಿಸಿದರೆ ನಿದ್ದೆಗೇಡು, ವಾಂತಿ, ಚಡಪಡಿಕೆ ಬರುತ್ತವೆ, ಅದು ಮೂಲ ಕಾಯಿಲೆ ಮರುಕಳಿಸಿದ್ದಲ್ಲ, ಮಾತ್ರೆ ತಪ್ಪಿದ್ದರ ಪರಿಣಾಮವೂ ಆಗಿರಬಹುದು ಎಂಬ ತಿಳಿವಳಿಕೆ ಆಗ ಇದ್ದಿದ್ದರೆ ಒಂದು ತಿಂಗಳು ಉಳಿಯುತ್ತಿತ್ತು.

ಇದೇ ಹೊತ್ತಿಗೆ ಮಾವನೊಬ್ಬ ಸರ್ಪಗಂಧದ ಬೇರು ತಂದುಕೊಟ್ಟ. ನಮ್ಮ ಕಾಡಿನ ಬೇರು, ಅಡ್ಡ ಪರಿಣಾಮವಿಲ್ಲ ಎಂದ. ಆ ಬೇರಿನಿಂದಲೇ 1952ರಲ್ಲಿ ರೆಸರ್ಪಿನ್ ಎಂಬ ಔಷಧ ತೆಗೆದದ್ದು, ಹುಚ್ಚಿನ ಚಿಕಿತ್ಸೆಗೆ ಅದನ್ನು ಜಗತ್ತಿನಾದ್ಯಂತ ಬಳಸಿದ್ದು, ಅದರಿಂದಲೂ ಇದೇ ಬಗೆಯ ಬಿಗಿತ ಮತ್ತು ಖಿನ್ನತೆ ಬರುವುದು ಕಂಡು ಬಳಕೆ ಹಿಂದೆ ಸರಿದದ್ದು, ಇವನ್ನೆಲ್ಲ ಆಮೇಲೆ ಓದಿ ತಿಳಿದೆ. ಪುಣ್ಯಕ್ಕೆ ಆಯಿ ಆ ಬೇರನ್ನು ಅಟ್ಟದ ಮೇಲಿಟ್ಟು ಮರೆತಿದ್ದಳು.

ಸಂಕ್ರಾಂತಿಯ ಹಿಂದಿನ ದಿನ ಬಚ್ಚಲಿಗೆ ಹೋಗುವಾಗ ಅಪ್ಪಯ್ಯ ಬಿದ್ದರು. ತಾಲ್ಲೂಕಿನ ಆಸ್ಪತ್ರೆಯಲ್ಲಿ ಹುಬ್ಬಿನ ಮೇಲೆ ಐದು ಹೊಲಿಗೆ ಹಾಕಿದರು, ಎಲುಬು ಮುರಿದಿರಲಿಲ್ಲ. ಆದರೆ ಹೊಟ್ಟೆಯ ಕೆಳಭಾಗ ಉಬ್ಬಿದ್ದನ್ನು ನೋಡಿದ ಅಲ್ಲಿನ ಕಿರಿಯ ವೈದ್ಯೆ, ಮೂತ್ರಕ್ಕೆ ಹೋಗಿ ಎಷ್ಟು ಹೊತ್ತಾಯಿತೆಂದು ಕೇಳಿದರು. ನಮಗೆ ಗೊತ್ತಿರಲಿಲ್ಲ. ನಳಿಗೆ ಹಾಕಿದಾಗ ಲೀಟರಿಗೂ ಹೆಚ್ಚು ಬಂತು. ಆಮೇಲೆ ಆಕೆ ನನ್ನ ಕೈಚೀಲದಲ್ಲಿದ್ದ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಸುರಿಸಿ, ಪ್ಲಸ್ ಮಾತ್ರೆಯ ಪಟ್ಟಿಯನ್ನು ಬೆಳಕಿಗೆ ಹಿಡಿದು, ಅದರ ಬೆನ್ನಿನ ಸಣ್ಣ ಅಕ್ಷರಗಳನ್ನು ಓದಿದರು. ಅದರಲ್ಲಿ ರಿಸ್ಪೆರಿಡೋನ್ ಜತೆಗೆ ಟ್ರೈಹೆಕ್ಸಿಫೆನಿಡಿಲ್ ಎಂಬ ಇನ್ನೊಂದು ಔಷಧ ಬೆರೆತಿತ್ತು. ಪ್ಲಸ್ ಎಂದರೆ ಹೆಚ್ಚು ಶಕ್ತಿಯುಳ್ಳದ್ದು ಎಂದು ನಾನು ತಿಳಿದಿದ್ದೆ.

ಈ ಜಾಗದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಇಡೀ ಕಥೆಯ ಗಂಟು ಇಲ್ಲಿದೆ. ರಿಸ್ಪೆರಿಡೋನ್ ಮೈ ಬಿಗಿಯುವಂತೆ ಮಾಡಬಲ್ಲುದಾದ್ದರಿಂದ ಅದನ್ನು ತಡೆಯಲೆಂದು ಟ್ರೈಹೆಕ್ಸಿಫೆನಿಡಿಲ್ ಸೇರಿಸುತ್ತಾರೆ. ಪ್ರಾಯದ ರೋಗಿಗೆ ಇದು ಒಗ್ಗಬಹುದು. ಮುಪ್ಪಿನವರಲ್ಲಿ ಅದು ಮೂತ್ರ ಕಟ್ಟಿಸುತ್ತದೆ, ಮಲಬದ್ಧತೆ ತರುತ್ತದೆ, ಗೊಂದಲವನ್ನು ಹೆಚ್ಚಿಸುತ್ತದೆ. ಗೊಂದಲ ಹೆಚ್ಚಿದ್ದು ಕಂಡು ಮತ್ತೆ ಅದೇ ಮಾತ್ರೆಯನ್ನು ಏರಿಸಿದರೆ ಅದರೊಳಗಿನ ಎರಡೂ ತೊಂದರೆಗಳು ಒಂದನ್ನೊಂದು ಬೆಳೆಸುತ್ತವೆ. ಇನ್ನೂ ಒಂದಿದೆ. ನೆನಪಿಗೆಂದು ಕೊಡುವ ಡೊನೆಪೆಜಿಲ್ ಮಿದುಳಿನಲ್ಲಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಉಳಿಸಲು ಹೆಣಗಿದರೆ, ಟ್ರೈಹೆಕ್ಸಿಫೆನಿಡಿಲ್ ಅದೇ ರಾಸಾಯನಿಕದ ಕೆಲಸಕ್ಕೆ ಅಡ್ಡ ನಿಲ್ಲುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಯನ್ನು ನಾವು ಎರಡು ತಿಂಗಳು ದಿನಾ ಊಟವಾದ ಮೇಲೆ ಅಪ್ಪಯ್ಯನಿಗೆ ನೀರಿನ ಜತೆ ನುಂಗಿಸಿದ್ದೆವು.

ಆಫ್-ಲೇಬಲ್ ಎಂಬ ಪದವನ್ನು ನಾನು ಮೊದಲು ಕೇಳಿದ್ದು ಆ ಕಿರಿಯ ವೈದ್ಯೆಯ ಬಾಯಲ್ಲಿ. ಔಷಧವೊಂದಕ್ಕೆ ಸರಕಾರದ ಒಪ್ಪಿಗೆ ಸಿಗುವುದು ಇಂಥ ಕಾಯಿಲೆಗೆ, ಇಂಥ ಪ್ರಮಾಣದಲ್ಲಿ ಎಂದು. ಅದರಾಚೆಗೆ ವೈದ್ಯರು ತಮ್ಮ ತಿಳಿವಳಿಕೆಯ ಮೇಲೆ ಬೇರೆ ಕಾಯಿಲೆಗೋ ಬೇರೆ ವಯಸ್ಸಿನವರಿಗೋ ಬರೆದರೆ ಅದು ಆಫ್-ಲೇಬಲ್. ರಿಸ್ಪೆರಿಡೋನ್, ಕ್ವೆಟಿಯಾಪಿನ್, ಓಲಾಂಜಪಿನ್ ಇವೆಲ್ಲ ಮುಖ್ಯವಾಗಿ ಸ್ಕಿಜೋಫ್ರೇನಿಯಾ ಮತ್ತು ಬೈಪೋಲಾರ್ ಎಂಬ ಮನೋರೋಗಗಳಿಗೆಂದು ಬಂದವು. ನಿದ್ದೆಗೆ ಕ್ವೆಟಿಯಾಪಿನ್ ಕೊಡುವುದು, ಮರೆವಿನವರ ಸಿಟ್ಟಿಗೆ ಇವುಗಳಲ್ಲಿ ಒಂದನ್ನು ಕೊಡುವುದು, ಬೇರೆ ದೇಶಗಳಲ್ಲಿಯೂ ನಡೆಯುತ್ತದೆ. ಈ ಪದ ಕೇಳಿದೊಡನೆ ಅಣ್ಣ ಫೋನಿನಲ್ಲಿ "ಕೇಸು ಹಾಕೋಣ" ಎಂದ. ನಾನು ಅದಕ್ಕೆ ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ನಮ್ಮ ಪಕ್ಕದ ಮನೆಯ ಭಾವನಿಗೆ ಕ್ಯಾನ್ಸರ್ ಚಿಕಿತ್ಸೆಯ ವಾಂತಿ ತಡೆಯಲು ಓಲಾಂಜಪಿನ್ ಕೊಟ್ಟಿದ್ದರು. ಹುಚ್ಚಿನ ಮಾತ್ರೆ ಕೊಟ್ಟರೆಂದು ಮನೆಯವರು ಮೊದಲು ಅತ್ತರು, ಆಮೇಲೆ ಅವನು ಮೂರು ದಿನದ ನಂತರ ಗಂಜಿ ಉಂಡದ್ದನ್ನು ನೋಡಿ ಸುಮ್ಮನಾದರು. ಅದೂ ಆಫ್-ಲೇಬಲ್ಲೇ, ಚೆನ್ನಾಗಿ ಪರೀಕ್ಷೆಗೊಳಗಾದ ಬಳಕೆ. ನನ್ನ ತಕರಾರು ಮಾತ್ರೆಯನ್ನು ಬರೆದದ್ದರ ಬಗ್ಗೆ ಅಲ್ಲ. ಇದು ಇಂಥ ಬಳಕೆ, ಇದರಿಂದ ಇಂಥ ಅಪಾಯವಿದೆ, ಇಷ್ಟು ವಾರಕ್ಕೆ ಮರುನೋಟ ಮಾಡುತ್ತೇವೆ ಎಂಬ ಮೂರು ಮಾತುಗಳನ್ನು ಯಾರೂ ಹೇಳಲಿಲ್ಲವೆಂಬುದೇ ನನ್ನ ತಕರಾರು.

ಅಪಾಯವೇನು ಸಣ್ಣದಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 17 ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿ, ಮರೆವಿನ ಕಾಯಿಲೆಯ ವೃದ್ಧರಲ್ಲಿ ಈ ಮಾತ್ರೆಗಳು ಸಾವಿನ ಸಂಭವವನ್ನು 1.6ರಿಂದ 1.7 ಪಟ್ಟು ಹೆಚ್ಚಿಸುತ್ತವೆಯೆಂದು 2005ರ ಏಪ್ರಿಲಿನಲ್ಲಿ ಎಚ್ಚರಿಸಿತು. ಸುಮಾರು 10 ವಾರಗಳ ಪ್ರಯೋಗದಲ್ಲಿ ಔಷಧ ಪಡೆದವರಲ್ಲಿ ಶೇಕಡಾ 4.5 ಮಂದಿ, ಹುಸಿ ಮಾತ್ರೆ ಪಡೆದವರಲ್ಲಿ ಶೇಕಡಾ 2.6 ಮಂದಿ ತೀರಿಕೊಂಡಿದ್ದರು. 2008ರಲ್ಲಿ ಈ ಎಚ್ಚರಿಕೆಯನ್ನು ಹ್ಯಾಲೋಪೆರಿಡಾಲ್‌ನಂಥ ಹಳೆಯ ಔಷಧಗಳಿಗೂ ವಿಸ್ತರಿಸಿದರು. ಬ್ರಿಟನ್ನಿನಲ್ಲಿ ಆಲ್ಝೈಮರ್ ಎಂಬ ಮರೆವಿನ ಕಾಯಿಲೆಯವರ ಬಿಡದೆ ಮುಂದುವರಿಯುವ ಆಕ್ರಮಣಶೀಲತೆಗೆ ರಿಸ್ಪೆರಿಡೋನ್ ಬಳಸಲು ಒಪ್ಪಿಗೆಯಿದೆ, ಆದರೆ ಬೇರೆ ಉಪಾಯಗಳು ಸೋತ ಮೇಲೆ, ಹೆಚ್ಚೆಂದರೆ 6 ವಾರ, ಸಾಮಾನ್ಯವಾಗಿ ದಿನಕ್ಕೆರಡು ಸಲ 0.5 ಮಿಲಿಗ್ರಾಂ. ಅಪ್ಪಯ್ಯನಿಗೆ ನಡೆಯುತ್ತಿದ್ದುದು ದಿನಕ್ಕೆ 3 ಮಿಲಿಗ್ರಾಂ, ಹತ್ತನೆಯ ವಾರ. ಪರಿಚಯದ ಔಷಧದಂಗಡಿಯವರು ಡಬ್ಬಿಯೊಳಗಿನ ಮಡಿಸಿದ ಕಾಗದವನ್ನು ಹುಡುಕಿ ಕೊಟ್ಟಾಗ, ಚೌಕಟ್ಟಿನೊಳಗೆ ಈ ಎಚ್ಚರಿಕೆ ಅಚ್ಚಾಗಿಯೇ ಇತ್ತು. ಪಂಚಾಂಗ ಓದುವ ಭೂತಗನ್ನಡಿ ಹಿಡಿದು ಅದನ್ನು ಓದಿದೆ.

ಎರಡನೆಯ ಅಭಿಪ್ರಾಯ ಪಡೆಯಬೇಕಾದರೆ ಮೊದಲ ಆಸ್ಪತ್ರೆಯ ಪೂರ್ತಿ ದಾಖಲೆ ಬೇಕಾಗಿತ್ತು, ಬಿಡುಗಡೆಯ ಒಂದು ಹಾಳೆ ಸಾಲದು. ಫೋನಿನಲ್ಲಿ ಕೇಳಿದೆ, ಸ್ವತಃ ಬನ್ನಿ ಎಂದರು. ರಜೆ ಹಾಕಿ ಹೋದೆ, ಮಗ ಬರಲಿ ಎಂದರು. ಮಗಳಿಗೆ ಯಾಕೆ ಕೊಡಬಾರದೆಂದು ಕೇಳಿದ್ದಕ್ಕೆ "ನಾಳೆ ಆಸ್ತಿ ತಕರಾರು ಬಂದರೆ ಯಾರು ನೋಡೋದು ಮೇಡಂ" ಎಂಬ ಉತ್ತರ. ಆಗ ನನಗೆ ದಾರಿ ತೋರಿಸಿದ್ದು ನಮ್ಮ ಶಾಲೆಯ ಸಹೋದ್ಯೋಗಿಯ ಪತಿ, ವಕೀಲರು. ಅದೇ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 22ನೆಯ ಕಲಮಿನ ಪ್ರಕಾರ ರೋಗಿಗೂ ಅವನ ನಾಮನಿರ್ದೇಶಿತ ಪ್ರತಿನಿಧಿಗೂ ಚಿಕಿತ್ಸೆಯ ವಿವರ ಮತ್ತು ಅದರ ಗೊತ್ತಿರುವ ಅಡ್ಡ ಪರಿಣಾಮಗಳನ್ನು ತಮಗೆ ತಿಳಿಯುವ ಭಾಷೆಯಲ್ಲಿ ಪಡೆಯುವ ಹಕ್ಕಿದೆ. 25ನೆಯ ಕಲಮು ವೈದ್ಯಕೀಯ ದಾಖಲೆಗಳ ಬಗ್ಗೆ ಇದೆ. ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಗಳು ಕೇಳಿದ 72 ಗಂಟೆಗಳೊಳಗೆ ದಾಖಲೆ ಕೊಡಬೇಕೆನ್ನುತ್ತವೆ. ಈ ಮೂರನ್ನೂ ಉಲ್ಲೇಖಿಸಿ, ನಾನು ಪ್ರತಿನಿಧಿಯಾಗಿ ಸಹಿ ಮಾಡಿದ್ದ ದಾಖಲಾತಿಯ ಹಾಳೆಯನ್ನು ನೆನಪಿಸಿ, ಕನ್ನಡದಲ್ಲಿ ಒಂದು ಪುಟದ ಅರ್ಜಿ ಬರೆದು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ. ಅರ್ಜಿಯಲ್ಲಿ ಯಾರನ್ನೂ ದೂರಬೇಡಿ. ಮುಂದಿನ ಚಿಕಿತ್ಸೆಗೆ ಬೇಕಾಗಿದೆ ಎಂದಷ್ಟೇ ಬರೆಯಿರಿ ಎಂದು ವಕೀಲರು ಹೇಳಿದ್ದು ಉಪಯೋಗಕ್ಕೆ ಬಂತು. 72 ಗಂಟೆಯಲ್ಲಿ ಬರಲಿಲ್ಲ. ಒಂಬತ್ತನೆಯ ದಿನ ಫೋನು ಬಂತು, ಜೆರಾಕ್ಸಿಗೆ 460 ರೂಪಾಯಿ ಕಟ್ಟಿ ತೆಗೆದುಕೊಂಡು ಬಂದೆ.

ಎಂಬತ್ತು ಪುಟಗಳ ಆ ಕಟ್ಟಿನಲ್ಲಿ ನರ್ಸುಗಳ ದಿನಚರಿಯ ಹಾಳೆಗಳೇ ಹೆಚ್ಚು ಹೇಳಿದವು. ಮೊದಲ ವಾರದಲ್ಲಿ ಮೂರು ರಾತ್ರಿ ಹ್ಯಾಲೋಪೆರಿಡಾಲ್ ಮತ್ತು ಮಂಪರು ತರಿಸುವ ಪ್ರೊಮೆಥಜಿನ್ ಚುಚ್ಚುಮದ್ದು ಕೊಟ್ಟಿದ್ದರು; ಅಗತ್ಯ ಬಿದ್ದರೆ ಎಂಬ ಅರ್ಥದ ಎಸ್‌ಒಎಸ್ ಎಂಬ ಮೂರಕ್ಷರದ ಮುಂದೆ "ಮನೆಗೆ ಹೋಗಬೇಕೆಂದು ಬಾಗಿಲು ಬಡಿಯುತ್ತಿದ್ದಾರೆ" ಎಂಬರ್ಥದ ಒಂದು ಸಾಲು. ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ಬಸ್ಸಿನಲ್ಲಿ ಮುಂಡಗೋಡು ದಾಟುವವರೆಗೂ ಕುಳಿತಿದ್ದೆ. ಇಡೀ ಕಟ್ಟಿನಲ್ಲಿ ಮೂತ್ರ ಪರೀಕ್ಷೆಯ ವರದಿ ಇರಲಿಲ್ಲ. ಇಸಿಜಿ ಇತ್ತು, ತೂಕ ಇರಲಿಲ್ಲ.

ದಾಖಲೆ ಬರುವವರೆಗೆ ಏನು ಮಾಡಬೇಕೆಂದು ತೋಚದೆ 14416ಕ್ಕೆ, ಅಂದರೆ 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ, ಫೋನು ಮಾಡಿದ್ದೆ. ಕನ್ನಡದಲ್ಲಿಯೇ ತಾಳ್ಮೆಯಿಂದ ಕೇಳಿಸಿಕೊಂಡರು. ಮಾತ್ರೆಯನ್ನು ತಾವಾಗಿ ನಿಲ್ಲಿಸಬೇಡಿ, ಮೂತ್ರ ಮತ್ತು ಮಲದ ಲೆಕ್ಕ ಇಡಿ, ಬಿಗಿತ ಹೆಚ್ಚಿ ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ ಎಂದರು. ಈ ಕೊನೆಯ ಮಾತನ್ನು ಗಟ್ಟಿಯಾಗಿ ನೆನಪಿಡಿ. ಈ ಔಷಧಗಳಿಂದ ಅಪರೂಪಕ್ಕೆ ಬರುವ ಪ್ರಾಣಾಂತಿಕ ತೊಂದರೆಯ ಸುಳಿವು ಅದು.

ಜನವರಿ ಕೊನೆಯ ವಾರದಲ್ಲಿ ಕರಾವಳಿಯ ದಕ್ಷಿಣದ ಒಂದು ದೊಡ್ಡ ಬೋಧನಾ ಆಸ್ಪತ್ರೆಗೆ ಹೊರಟೆವು. ನಮ್ಮ ಜಿಲ್ಲೆಯವರಿಗೆ ಈ ಹಾದಿ ಹೊಸದಲ್ಲ. ದೊಡ್ಡ ಕಾಯಿಲೆಯೆಂದರೆ ಗಡಿ ದಾಟಲೇಬೇಕು. ದೇವಿಮನೆ ಘಟ್ಟದಲ್ಲಿ ಹೆದ್ದಾರಿ ಕಾಮಗಾರಿ ಇದ್ದುದರಿಂದ ಸಿದ್ದಾಪುರ, ಮಾವಿನಗುಂಡಿ, ಗೇರುಸೊಪ್ಪದ ಮೇಲೆ ಹೊನ್ನಾವರಕ್ಕಿಳಿದು ಕರಾವಳಿಯ ಹೆದ್ದಾರಿ ಹಿಡಿದೆವು. ನಳಿಗೆ ಹಾಕಿಸಿಕೊಂಡ ಮನುಷ್ಯನನ್ನು ಘಟ್ಟದ ತಿರುವುಗಳಲ್ಲಿ ಕೂರಿಸಿಕೊಂಡು ಇಳಿಯುವುದು ಎಂಥದೆಂಬುದನ್ನು ಬರೆಯುವುದಿಲ್ಲ. ಕಾರಿನ ಬಾಡಿಗೆ ಹೋಗಿ ಬರುವುದಕ್ಕೆ 9,500 ರೂಪಾಯಿ, ಒಂದು ರಾತ್ರಿ ಲಾಡ್ಜಿಗೆ 1,400.

ಅಲ್ಲಿನ ಮನೋವೈದ್ಯರು ಐವತ್ತು ನಿಮಿಷ ಕೊಟ್ಟರು. ಅಪ್ಪಯ್ಯನ ಮೊಣಕೈಯನ್ನು ಮಡಚಿ ಬಿಡಿಸಿ ನೋಡಿದರು, ನಡೆಸಿದರು, ಬೆರಳುಗಳನ್ನು ಗಮನಿಸಿದರು. ನಾನು ಅಡಿಕೆಯ ಕಥೆ ಹೇಳಿದಾಗ ಅವರು ನಗಲಿಲ್ಲ. "ಅಮ್ಮಾ, ಇದು ಮಾತ್ರೆಯಿಂದ ಬಂದದ್ದು, ಹೋಗಬಹುದು, ಆದರೆ ನಿಧಾನವಾಗಿ" ಎಂದರು. ಗೋಡೆಯ ಕಡೆ ನೋಡಿ ಮಾತನಾಡುವುದು ಮಾತ್ರೆಗೆ ಮುಂಚೆಯೂ ಇತ್ತೇ, ನಿದ್ದೆಯಲ್ಲಿ ಕೈಕಾಲು ಝಾಡಿಸುತ್ತಿದ್ದರೇ ಎಂದು ಎರಡೆರಡು ಸಲ ಕೇಳಿದರು. ಲೂಯಿ ಬಾಡಿ ಎಂಬ ಬಗೆಯ ಮರೆವಿನ ಕಾಯಿಲೆಯಿದ್ದರೆ ಈ ಔಷಧಗಳು ಬಹಳ ಕೆಟ್ಟದಾಗಿ ಹೊಡೆಯುತ್ತವೆಯಂತೆ, ಅದಕ್ಕಾಗಿ ಆ ಪ್ರಶ್ನೆ. ಮೂತ್ರದಲ್ಲಿ ಸೋಂಕು ಸಿಕ್ಕಿತು. ಪ್ರಾಸ್ಟೇಟ್ ದೊಡ್ಡದಾಗಿತ್ತು. ಸೋಂಕು ಯಾವಾಗಿನದೆಂದು ಈಗ ಹೇಳಲಾಗದು, ಆದರೆ ಹಿರಿಯರು ಇದ್ದಕ್ಕಿದ್ದಂತೆ ಗಲಾಟೆ ಶುರು ಮಾಡಿದರೆ ಮಾತ್ರೆಗೆ ಮುಂಚೆ ಮೂತ್ರ, ಮಲಬದ್ಧತೆ, ನೋವು, ಕಣ್ಣು, ಕಿವಿ ನೋಡಬೇಕು ಎಂದರು. ಅಮೆರಿಕದ ಮನೋವೈದ್ಯರ ಸಂಘದ 2016ರ ಮಾರ್ಗಸೂಚಿಯ ಮಾತನ್ನೂ ತಿಳಿಸಿದರು: ಇಂಥ ಮಾತ್ರೆಯಿಂದ 4 ವಾರಗಳಲ್ಲಿ ಗುಣ ಕಾಣದಿದ್ದರೆ ಇಳಿಸುತ್ತ ನಿಲ್ಲಿಸಬೇಕು, ಗುಣ ಕಂಡರೂ 4 ತಿಂಗಳೊಳಗೆ ಒಮ್ಮೆ ಇಳಿಸಿ ನೋಡಬೇಕು, ನಿಲ್ಲಿಸಿದ ಮೇಲೆ ಕನಿಷ್ಠ 4 ತಿಂಗಳು, ತಿಂಗಳಿಗೊಮ್ಮೆ ಗಮನಿಸಬೇಕು. ಮೊದಲ ಆಸ್ಪತ್ರೆಯವರ ಬಗ್ಗೆ ಅವರು ಒಂದು ಕೆಟ್ಟ ಮಾತನ್ನೂ ಆಡಲಿಲ್ಲ. ರಾತ್ರಿ ಒಬ್ಬ ನರ್ಸು ಮೂವತ್ತು ರೋಗಿಗಳನ್ನು ನೋಡುವ ಕಡೆ ಏನಾಗುತ್ತದೆಂಬುದು ತಮಗೂ ಗೊತ್ತು ಎಂದಷ್ಟೇ ಹೇಳಿದರು. ನನಗೆ ಆ ಮಾತು ಪೂರ್ತಿ ಒಪ್ಪಿಗೆಯಾಗಲಿಲ್ಲ, ತಪ್ಪೆಂದೂ ಅನಿಸಲಿಲ್ಲ.

ಇಳಿಸುವ ಕೆಲಸ ಮೂರು ತಿಂಗಳು ಹಿಡಿಯಿತು. ಪ್ಲಸ್ ಹೋಗಿ ಬರಿಯ ರಿಸ್ಪೆರಿಡೋನ್ 2 ಮಿಲಿಗ್ರಾಂ ಬಂತು, ಟ್ರೈಹೆಕ್ಸಿಫೆನಿಡಿಲ್ ಅನ್ನು ಬೇರೆಯಾಗಿ ಕೆಲವು ದಿನ ಅರ್ಧ ಕೊಟ್ಟು ನಿಲ್ಲಿಸಿದರು, ಆಮೇಲೆ ಹದಿನೈದು ದಿನಕ್ಕೊಮ್ಮೆ ರಿಸ್ಪೆರಿಡೋನ್ ಅರ್ಧಕ್ಕೆ. ಬರಿಯ ರಿಸ್ಪೆರಿಡೋನ್ ನಮ್ಮ ಪೇಟೆಯ ಮೂರು ಅಂಗಡಿಗಳಲ್ಲಿ ಸಿಗಲಿಲ್ಲ, ಎಲ್ಲ ಕಡೆ ಪ್ಲಸ್ಸೇ ಇತ್ತು. ಮುಂಚಿತವಾಗಿ ಹೇಳಿ ತರಿಸಬೇಕು. ಚೂರು ಮಾಡಲು ಹತ್ತಿರ ಹತ್ತಿರ ನೂರು ರೂಪಾಯಿಯ ಮಾತ್ರೆ ಕತ್ತರಿ ಕೊಂಡುಕೊಳ್ಳಿ, ಅಡುಗೆಮನೆಯ ಚಾಕುವಿನಲ್ಲಿ ಒಂದು ಚೂರು ದೊಡ್ಡದು ಒಂದು ಸಣ್ಣದಾಗುತ್ತದೆ. ಫೆಬ್ರವರಿ ಕೊನೆಯಲ್ಲಿ ಅರ್ಧ ಮಿಲಿಗ್ರಾಂಗೆ ಬಂದಾಗ ನಾಲ್ಕು ರಾತ್ರಿ ಮತ್ತೆ ಗಲಾಟೆಯಾಯಿತು. ವೈದ್ಯರು ಫೋನಿನಲ್ಲಿ, ಏರಿಸುವುದು ಬೇಡ, ಎರಡು ವಾರ ಇಲ್ಲಿಯೇ ನಿಲ್ಲೋಣ ಎಂದರು. ನಿಂತೆವು. ಮಾರ್ಚ್ ಕೊನೆಗೆ ರಿಸ್ಪೆರಿಡೋನ್ ನಿಂತಿತು, ನಂತರ ಕ್ವೆಟಿಯಾಪಿನ್ 50ರಿಂದ 25ಕ್ಕೆ ಇಳಿದು, ಕಡೆಗೆ ಅದರ ಅರ್ಧಕ್ಕೆ ಬಂತು. ಈ ನಡುವೆ ರಾತ್ರಿಗೆ ಒಬ್ಬ ಹುಡುಗನನ್ನು ತಿಂಗಳಿಗೆ 9,000 ರೂಪಾಯಿಗೆ ಇಟ್ಟುಕೊಂಡೆವು. ಇದು ಎಲ್ಲರಿಗೂ ಆಗುವ ಮಾತಲ್ಲವೆಂದು ನನಗೆ ಗೊತ್ತು; ಅಣ್ಣ ಕಳಿಸಿದ್ದರಿಂದ ನಮಗಾಯಿತು. ಮಾತ್ರೆಯನ್ನು ಇಳಿಸಬೇಕಾದರೆ ಅದರ ಜಾಗದಲ್ಲಿ ಎಚ್ಚರವಿರುವ ಒಬ್ಬ ಮನುಷ್ಯ ಬೇಕಾಗುತ್ತಾನೆ, ಆಸ್ಪತ್ರೆಯಲ್ಲಾದರೂ ಮನೆಯಲ್ಲಾದರೂ.

ನಳಿಗೆ ತೆಗೆದ ಮೇಲೆ ಅಡ್ಡ ಪರಿಣಾಮದ ವರದಿಯನ್ನೂ ಸಲ್ಲಿಸಿದೆ. ಔಷಧಗಳ ಅಡ್ಡ ಪರಿಣಾಮ ದಾಖಲಿಸುವ ರಾಷ್ಟ್ರೀಯ ಕಾರ್ಯಕ್ರಮದ ಉಚಿತ ದೂರವಾಣಿ 1800-180-3024ಕ್ಕೆ ವೈದ್ಯರೇ ಆಗಬೇಕೆಂದಿಲ್ಲ, ನಾವೂ ತಿಳಿಸಬಹುದು. ಅದರಲ್ಲಿ ಆಸ್ಪತ್ರೆಯನ್ನು ದೂರುವ ಪ್ರಶ್ನೆ ಬರುವುದಿಲ್ಲ. ಯಾವ ಔಷಧ, ಎಷ್ಟು, ಏನಾಯಿತು, ಅಷ್ಟೇ. ಮೊದಲ ಆಸ್ಪತ್ರೆಗೂ ಎರಡು ಪುಟದ ಕಾಗದ ಬರೆದು, ಪ್ರತಿಯೊಂದು ಬಿಡುಗಡೆ ಚೀಟಿಯಲ್ಲಿ 'ಈ ಮಾತ್ರೆ ಯಾತಕ್ಕೆ, ಎಲ್ಲಿಯವರೆಗೆ' ಎಂಬ ಎರಡು ಅಂಕಣ ಸೇರಿಸಬೇಕೆಂದು ಕೋರಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.

ಮುಂದಿನ ತಪಾಸಣೆ ಜೂನ್ ಮೊದಲ ವಾರ. ವೈದ್ಯರಿಗೆ ತೋರಿಸಲೆಂದು ಇಟ್ಟಿರುವ ಇನ್ನೂರು ಪುಟದ ನೋಟುಬುಕ್ಕಿನಲ್ಲಿ ರಾತ್ರಿಯ ಹುಡುಗ ತನ್ನ ಅಕ್ಷರದಲ್ಲಿ ನಿನ್ನೆಯದನ್ನು ಹೀಗೆ ಬರೆದಿದ್ದಾನೆ: "2.10ಕ್ಕೆ ಎದ್ದರು. ಕೊನೆಗೌಡನನ್ನು ಕೇಳಿದರು. ಬ್ಯಾಟರಿ ಹಿಡಿದು ಅಂಗಳದವರೆಗೆ ಹೋಗಿ ಬಂದೆವು. ಮೂತ್ರ ಆಯಿತು. 2.40ಕ್ಕೆ ಮಲಗಿದರು. ಬೆರಳು ಆಡಲಿಲ್ಲ."